ಶಿಕ್ಷಣದಲ್ಲಿ ಎಐ: ಉತ್ತರ ಯಂತ್ರದ್ದಾದರೆ ಉತ್ತರದಾಯಿತ್ವ ಯಾರದು?

ಹೈದರಾಬಾದ್‌ನ ಹಿಮಾಯತ್‌ನಗರದಿಂದ ನಾರಾಯಣಗುಡ ಕಡೆಗೆ ಒಂದು ಸುತ್ತು ಹಾಕಿದರೆ ಸಾಕು, ಕೋಚಿಂಗ್ ಸೆಂಟರ್, ಜೂನಿಯರ್ ಕಾಲೇಜು, ಹಾಸ್ಟೆಲ್‌ಗಳ ಫಲಕಗಳು ಒಂದರ ಹಿಂದೆ ಒಂದು ಕಾಣುತ್ತವೆ. ಇಂಟರ್‌ಮೀಡಿಯೆಟ್‌ನಲ್ಲಿ, ಅಂದರೆ ಕರ್ನಾಟಕದ ಪಿಯುಸಿಗೆ ಸಮನಾದ ಹಂತದಲ್ಲಿ, ಎಂಪಿಸಿ ಅಥವಾ ಬೈಪಿಸಿ ಓದುತ್ತಾ ಜೆಇಇ, ನೀಟ್, ಎಪ್‌ಸೆಟ್‌ಗೆ ತಯಾರಾಗುವ ಹುಡುಗ ಹುಡುಗಿಯರ ಬೀದಿಗಳಿವು. ಪಕ್ಕದ ಕಾಚಿಗುಡದಲ್ಲಿ ನೃಪತುಂಗ ಶಾಲೆ ಮತ್ತು ಕರ್ನಾಟಕ ಸಾಹಿತ್ಯ ಮಂದಿರ ಇರುವುದರಿಂದ ಕನ್ನಡ ಕುಟುಂಬಗಳಿಗೂ ಈ ಭಾಗ ಹೊಸದಲ್ಲ.

ಇಲ್ಲಿನ ವಿದ್ಯಾರ್ಥಿಗಳ ಕೈಯಲ್ಲಿ ಈಗ ಪುಸ್ತಕದ ಜೊತೆಗೆ ಕೃತಕ ಬುದ್ಧಿಮತ್ತೆ, ಅಂದರೆ ಎಐ ಕೂಡ ಇದೆ. ಲೆಕ್ಕದ ಫೋಟೊ ತೆಗೆದು ಹಾಕಿದರೆ ಕ್ಷಣದಲ್ಲಿ ಉತ್ತರ ಬರುತ್ತದೆ. ಪ್ರಬಂಧ ಕೇಳಿದರೆ ಪ್ರಬಂಧ ಸಿಗುತ್ತದೆ. ಶಾಲೆ, ಕಾಲೇಜು, ಸರ್ಕಾರಗಳೂ ಹಾಜರಾತಿ, ಪ್ರವೇಶ, ಪಾಠ, ಪರೀಕ್ಷೆಗಳಲ್ಲಿ ಇಂಥ ತಂತ್ರಜ್ಞಾನ ಬಳಸಲು ಮುಂದಾಗಿವೆ. ಇದನ್ನು ಜವಾಬ್ದಾರಿಯಿಂದ ಬಳಸುವುದು ಎಂದರೆ ಏನು? ಕಾನೂನು ಏನು ಹೇಳುತ್ತದೆ? ವಿದ್ಯಾರ್ಥಿಗಳು, ಶಿಕ್ಷಕರು, ಪೋಷಕರು ಯಾವ ಎಚ್ಚರ ವಹಿಸಬೇಕು? ಹೈದರಾಬಾದ್‌ನ ಅನುಭವವನ್ನೇ ಮುಂದಿಟ್ಟುಕೊಂಡು ಇದಕ್ಕೆ ಉತ್ತರ ಹುಡುಕುವ ಮಾಹಿತಿ ಇಲ್ಲಿದೆ.

ತರಗತಿಗೆ ಬಂದ ಎಐ: ನಾಲ್ಕು ಬಗೆಯ ಕೆಲಸ

ಶಿಕ್ಷಣದಲ್ಲಿ ಎಐ ಎಂದ ಕೂಡಲೇ ಹೆಚ್ಚಿನವರಿಗೆ ಚಾಟ್‌ಜಿಪಿಟಿ, ಜೆಮಿನಿಯಂಥ ಚಾಟ್‌ಬಾಟ್‌ಗಳು ನೆನಪಾಗುತ್ತವೆ. ಆದರೆ ಅದರ ಬಳಕೆ ಅಷ್ಟಕ್ಕೇ ನಿಂತಿಲ್ಲ. ಅದನ್ನು ಸ್ಥೂಲವಾಗಿ ನಾಲ್ಕು ಭಾಗ ಮಾಡಬಹುದು.

1. ವಿದ್ಯಾರ್ಥಿ ಬಳಸುವ ಎಐ: ಸಂಶಯ ಕೇಳುವುದು, ಲೆಕ್ಕ ಬಿಡಿಸುವುದು, ಬರಹ ತಿದ್ದಿಸುವುದು, ಅನುವಾದ.

2. ಶಿಕ್ಷಕರು ಬಳಸುವ ಎಐ: ಪಾಠ ಯೋಜನೆ, ಪ್ರಶ್ನೆಪತ್ರಿಕೆ, ಅಭ್ಯಾಸದ ಲೆಕ್ಕಗಳನ್ನು ಸಿದ್ಧಪಡಿಸುವುದು.

3. ಸಂಸ್ಥೆ ಬಳಸುವ ಎಐ: ಮುಖ ನೋಡಿ ಹಾಜರಾತಿ, ಪ್ರವೇಶದ ವೇಳೆ ಗುರುತು ಪರಿಶೀಲನೆ, ಆನ್‌ಲೈನ್ ಪರೀಕ್ಷೆಯ ಮೇಲ್ವಿಚಾರಣೆ.

4. ತೀರ್ಪು ಕೊಡುವ ಎಐ: ಉತ್ತರಕ್ಕೆ ಅಂಕ ಹಾಕುವುದು, ಯಾರು ನಕಲು ಮಾಡಿದ್ದಾರೆ ಎಂದು ಹೇಳುವುದು, ಯಾರು ಹಿಂದೆ ಬೀಳಬಹುದು ಎಂದು ಅಂದಾಜಿಸುವುದು.

ಮೊದಲ ಎರಡರಲ್ಲಿ ತಪ್ಪಾದರೆ ತಿದ್ದಿಕೊಳ್ಳಲು ಸಮಯವಿರುತ್ತದೆ. ಕೊನೆಯ ಎರಡರಲ್ಲಿ ಹಾಗಲ್ಲ. ಅಲ್ಲಿ ಆಗುವ ತಪ್ಪು ವಿದ್ಯಾರ್ಥಿಯ ಅಂಕಪಟ್ಟಿ, ಪ್ರವೇಶ, ಹೆಸರು ಎಲ್ಲವನ್ನೂ ತಟ್ಟುತ್ತದೆ. ಆದ್ದರಿಂದ ಎಚ್ಚರವೂ ಅಲ್ಲಿ ಹೆಚ್ಚು ಬೇಕು. ಇದನ್ನು ಹೈದರಾಬಾದ್ ಕಷ್ಟದ ದಾರಿಯಲ್ಲೇ ಕಲಿತಿದೆ.

2019ರ ಏಪ್ರಿಲ್ ಕಲಿಸಿದ ಪಾಠ

ತೆಲಂಗಾಣ ಇಂಟರ್‌ಮೀಡಿಯೆಟ್ ಶಿಕ್ಷಣ ಮಂಡಳಿಯ ಕಚೇರಿ ಇರುವುದು ಹಿಮಾಯತ್‌ನಗರಕ್ಕೆ ಹತ್ತಿರದ ನಾಂಪಲ್ಲಿಯಲ್ಲಿ. ಮಂಡಳಿ 2019ರ ಏಪ್ರಿಲ್ 18ರಂದು ಫಲಿತಾಂಶ ಪ್ರಕಟಿಸಿತು. ಎರಡೂ ವರ್ಷ ಸೇರಿ 9 ಲಕ್ಷಕ್ಕೂ ಹೆಚ್ಚು ಮಂದಿ ಪರೀಕ್ಷೆ ಬರೆದಿದ್ದರು. 3 ಲಕ್ಷಕ್ಕೂ ಹೆಚ್ಚು ಮಂದಿ ಅನುತ್ತೀರ್ಣರಾಗಿದ್ದರು. ಫಲಿತಾಂಶ ಸಿದ್ಧಪಡಿಸುವ ಸಾಫ್ಟ್‌ವೇರ್ ಕೆಲಸವನ್ನು ಹೊಸ ಖಾಸಗಿ ಸಂಸ್ಥೆಯೊಂದಕ್ಕೆ ವಹಿಸಲಾಗಿತ್ತು.

ಅಂಕಪಟ್ಟಿ ಕೈಗೆ ಬರುತ್ತಿದ್ದಂತೆ ದೂರುಗಳ ಮಹಾಪೂರವೇ ಹರಿಯಿತು. ಪರೀಕ್ಷೆ ಬರೆದವರನ್ನು ಗೈರು ಎಂದು ತೋರಿಸಲಾಗಿದೆ, ಅಂಕ ತಪ್ಪಾಗಿದೆ ಎಂದು ಪೋಷಕರು ಮಂಡಳಿ ಕಚೇರಿಯ ಮುಂದೆ ನಿಂತರು. ಮೊದಲ ವರ್ಷ ಉತ್ತಮ ಅಂಕ ಪಡೆದಿದ್ದ ವಿದ್ಯಾರ್ಥಿನಿಯೊಬ್ಬರಿಗೆ ಎರಡನೇ ವರ್ಷ ತೆಲುಗಿನಲ್ಲಿ ಸೊನ್ನೆ ಬಂದಿತ್ತು. ಉತ್ತರಪತ್ರಿಕೆ ತೆಗೆದು ನೋಡಿದಾಗ ಅವರಿಗೆ ಬರಬೇಕಿದ್ದುದು 99 ಎಂದು ತಿಳಿಯಿತು. ಓಎಂಆರ್ ಹಾಳೆಯಲ್ಲಿ ಅಂಕ ಗುರುತಿಸುವಾಗ ಮೌಲ್ಯಮಾಪಕರಿಂದ ಆದ ಕೈತಪ್ಪು ಅದು. ಆ ತಪ್ಪನ್ನು ಯಂತ್ರ ಹಾಗೆಯೇ ಓದಿಕೊಂಡಿತು. ಮಧ್ಯದಲ್ಲಿ ಯಾರೂ ಅದನ್ನು ಹಿಡಿಯಲಿಲ್ಲ.

ಫಲಿತಾಂಶದ ನಂತರದ ದಿನಗಳಲ್ಲಿ ರಾಜ್ಯದ 20ಕ್ಕೂ ಹೆಚ್ಚು ವಿದ್ಯಾರ್ಥಿಗಳು ಪ್ರಾಣ ಕಳೆದುಕೊಂಡರು ಎಂದು ವರದಿಯಾಯಿತು. ಆ ಸಾವುಗಳಿಗೆ ಅಂಕಪಟ್ಟಿಯ ದೋಷವೇ ಕಾರಣವೇ ಎಂಬುದು ವಿವಾದವಾಗಿಯೇ ಉಳಿಯಿತು. ಸರ್ಕಾರ ಮೂವರು ಸದಸ್ಯರ ಸಮಿತಿ ನೇಮಿಸಿತು. ಫಲಿತಾಂಶ ಸಿದ್ಧಪಡಿಸಿದ ರೀತಿಯಲ್ಲಿ ಲೋಪಗಳಿದ್ದವು ಎಂದು ಸಮಿತಿ ವರದಿ ನೀಡಿತು. ಅನುತ್ತೀರ್ಣರಾದ ಎಲ್ಲರ ಉತ್ತರಪತ್ರಿಕೆಗಳನ್ನೂ ಉಚಿತವಾಗಿ ಮರುಪರಿಶೀಲಿಸಲು ಆಗಿನ ಮುಖ್ಯಮಂತ್ರಿ ಕೆ. ಚಂದ್ರಶೇಖರ ರಾವ್ ಆದೇಶಿಸಿದರು.

ಅಲ್ಲಿ ಬಳಸಿದ್ದು ಇಂದಿನ ಅರ್ಥದ ಎಐ ಅಲ್ಲ, ಸಾಮಾನ್ಯ ಸಾಫ್ಟ್‌ವೇರ್. ಆದರೆ ಅದು ಎತ್ತಿದ ಪ್ರಶ್ನೆಗಳು ಎಐಗೆ ಇನ್ನೂ ಹೆಚ್ಚು ಅನ್ವಯಿಸುತ್ತವೆ. ಸಾಮಾನ್ಯ ಸಾಫ್ಟ್‌ವೇರ್ ಎಲ್ಲಿ ತಪ್ಪಿತು ಎಂದು ಹುಡುಕಿ ತೋರಿಸಬಹುದು. ಎಐ ಒಂದು ಉತ್ತರಕ್ಕೆ 4 ಅಂಕ, ಇನ್ನೊಂದಕ್ಕೆ 6 ಅಂಕ ಏಕೆ ಕೊಟ್ಟಿತು ಎಂದು ಅದನ್ನು ತಯಾರಿಸಿದವರಿಗೂ ಬಿಡಿಸಿ ಹೇಳುವುದು ಕಷ್ಟ. ಹಾಗಾಗಿ ಯಂತ್ರಕ್ಕೆ ಕೆಲಸ ಒಪ್ಪಿಸುವ ಮೊದಲೇ ಮೂರು ವಿಷಯ ಸ್ಪಷ್ಟವಾಗಿರಬೇಕು: ಅನುಮಾನ ಬರುವಂಥ ಫಲಿತಾಂಶವನ್ನು ಯಾರು ತಡೆದು ನೋಡುತ್ತಾರೆ, ವಿದ್ಯಾರ್ಥಿ ದೂರು ಕೊಡಬೇಕಾದುದು ಯಾರಿಗೆ, ಎಷ್ಟು ದಿನದಲ್ಲಿ ಉತ್ತರ ಸಿಗುತ್ತದೆ.

ಬ್ರಿಟನ್‌ನಲ್ಲಿ ನಾಲ್ಕೇ ದಿನದಲ್ಲಿ ಹಿಂದೆ ಸರಿದ ಸೂತ್ರ

ಇಂಥದೇ ಪ್ರಸಂಗ ಮರುವರ್ಷ ಬ್ರಿಟನ್‌ನಲ್ಲಿ ನಡೆಯಿತು. ಕೋವಿಡ್ ಕಾರಣ 2020ರಲ್ಲಿ ಎ ಲೆವೆಲ್ ಪರೀಕ್ಷೆಗಳು ರದ್ದಾದವು. ಶಿಕ್ಷಕರು ಅಂದಾಜಿಸಿದ ಶ್ರೇಣಿಯನ್ನು ಇಂಗ್ಲೆಂಡ್‌ನ ಪರೀಕ್ಷಾ ನಿಯಂತ್ರಣ ಸಂಸ್ಥೆ ಆಫ್‌ಕ್ವಾಲ್ ಒಂದು ಗಣಿತ ಸೂತ್ರಕ್ಕೆ ಹಾಕಿ ಹೊಂದಿಸಿತು. ಆ ಶಾಲೆಯ ಹಿಂದಿನ ವರ್ಷಗಳ ಫಲಿತಾಂಶವೂ ಲೆಕ್ಕಕ್ಕೆ ಬಂತು. ಆಗಸ್ಟ್ 13ರಂದು ಫಲಿತಾಂಶ ಹೊರಬಿದ್ದಾಗ ಸುಮಾರು ಶೇ 40ರಷ್ಟು ಶ್ರೇಣಿಗಳು ಶಿಕ್ಷಕರು ಕೊಟ್ಟಿದ್ದಕ್ಕಿಂತ ಕೆಳಗಿಳಿದಿದ್ದವು. ಹಿಂದೆ ಕಡಿಮೆ ಫಲಿತಾಂಶ ಬರುತ್ತಿದ್ದ ಶಾಲೆಯ ಜಾಣ ವಿದ್ಯಾರ್ಥಿಗೂ ಶಾಲೆಯ ಹಳೆಯ ಲೆಕ್ಕವೇ ಅಡ್ಡ ಬಂದಿತು. ವಿದ್ಯಾರ್ಥಿಗಳು ಬೀದಿಗಿಳಿದರು. ಆಗಸ್ಟ್ 17ರಂದು ಸರ್ಕಾರ ಸೂತ್ರವನ್ನು ಕೈಬಿಟ್ಟು, ಶಿಕ್ಷಕರು ಕೊಟ್ಟ ಶ್ರೇಣಿಗೆ ಮರಳಿತು.

ಹಳೆಯ ಅಂಕಿಅಂಶದಿಂದ ಕಲಿಯುವ ಯಂತ್ರ ಹಳೆಯ ಅಸಮಾನತೆಯನ್ನೂ ಕಲಿಯುತ್ತದೆ ಎಂಬುದಕ್ಕೆ ಇದು ಸ್ಪಷ್ಟ ಉದಾಹರಣೆ. ರಾಯಚೂರು ಅಥವಾ ನಾರಾಯಣಪೇಟೆಯ ಸರ್ಕಾರಿ ಕಾಲೇಜಿನ ವಿದ್ಯಾರ್ಥಿಯನ್ನು ಅವರ ಕಾಲೇಜಿನ ಹಿಂದಿನ ಫಲಿತಾಂಶದಿಂದ ಅಳೆಯುವಂತಾದರೆ ಇಲ್ಲೂ ಅದೇ ಆಗುತ್ತದೆ.

ಕಲಿಕೆಗೆ ಲಾಭವೋ ನಷ್ಟವೋ?

ಇನ್ನು ವಿದ್ಯಾರ್ಥಿ ತಾನೇ ಬಳಸುವ ಎಐ ವಿಷಯ. ಈ ಬಗ್ಗೆ ಹೆಚ್ಚು ಚರ್ಚೆಯಾದ ಅಧ್ಯಯನವೊಂದನ್ನು ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಟರ್ಕಿಯ ಪ್ರೌಢಶಾಲೆಯೊಂದರಲ್ಲಿ ನಡೆಸಿದರು. ಸುಮಾರು ಒಂದು ಸಾವಿರ ವಿದ್ಯಾರ್ಥಿಗಳನ್ನು ಗಣಿತ ಅಭ್ಯಾಸಕ್ಕೆ ಮೂರು ಗುಂಪು ಮಾಡಲಾಯಿತು. ಒಂದು ಗುಂಪಿಗೆ ಸಾಮಾನ್ಯ ಚಾಟ್‌ಬಾಟ್, ಇನ್ನೊಂದಕ್ಕೆ ನೇರ ಉತ್ತರ ಹೇಳದೆ ಸುಳಿವು ಮಾತ್ರ ಕೊಡುವಂತೆ ಶಿಕ್ಷಕರ ನೆರವಿನಿಂದ ರೂಪಿಸಿದ ಚಾಟ್‌ಬಾಟ್. ಮೂರನೆಯ ಗುಂಪಿಗೆ ಪುಸ್ತಕ ಮತ್ತು ತಮ್ಮದೇ ನೋಟ್ಸ್ ಮಾತ್ರ.

ಅಭ್ಯಾಸದ ವೇಳೆ ಮೂರನೆಯ ಗುಂಪಿಗೆ ಹೋಲಿಸಿದರೆ ಮೊದಲ ಗುಂಪಿನ ಸಾಧನೆ ಶೇ 48ರಷ್ಟು, ಎರಡನೆಯ ಗುಂಪಿನ ಸಾಧನೆ ಶೇ 127ರಷ್ಟು ಮೇಲಿತ್ತು. ನಂತರ ಎಲ್ಲರಿಂದಲೂ ಎಐ ಹಿಂಪಡೆದು ಪರೀಕ್ಷೆ ಮಾಡಲಾಯಿತು. ಆಗ ಸಾಮಾನ್ಯ ಚಾಟ್‌ಬಾಟ್ ಬಳಸಿದವರು, ಎಐ ಮುಟ್ಟದೇ ಇದ್ದವರಿಗಿಂತ ಶೇ 17ರಷ್ಟು ಹಿಂದೆ ಬಿದ್ದರು. ಸುಳಿವು ಕೊಡುವ ಚಾಟ್‌ಬಾಟ್ ಬಳಸಿದವರಲ್ಲಿ ಈ ಹಿನ್ನಡೆ ಬಹುಮಟ್ಟಿಗೆ ಕಾಣಲಿಲ್ಲ. ಈ ಅಧ್ಯಯನ 2025ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ನಿಯತಕಾಲಿಕದಲ್ಲಿ ಪ್ರಕಟವಾಯಿತು.

ಹಿಮಾಯತ್‌ನಗರದ ಕೋಚಿಂಗ್ ವಿದ್ಯಾರ್ಥಿಗೆ ಇದರ ಅರ್ಥ ಸರಳ. ಜೆಇಇ, ನೀಟ್, ಎಪ್‌ಸೆಟ್ ಪರೀಕ್ಷಾ ಕೊಠಡಿಗೆ ಫೋನ್ ಒಯ್ಯುವಂತಿಲ್ಲ. ಅಲ್ಲಿ ಕೈಗೆ ಬರುವುದು ತಲೆಯಲ್ಲಿ ಇರುವುದಷ್ಟೇ. ಇಂಟಿಗ್ರೇಷನ್ ಲೆಕ್ಕದ ಫೋಟೊ ಹಾಕಿ ಉತ್ತರ ನೋಡಿಕೊಂಡವನಿಗೆ ತನಗೆ ಗೊತ್ತಾಯಿತು ಎಂಬ ಭಾವನೆ ಬರುತ್ತದೆ. ಮಾಡುವ ಅಭ್ಯಾಸ ಬರುವುದಿಲ್ಲ. ಅದೇ ಲೆಕ್ಕವನ್ನು ತಾನೇ ನಾಲ್ಕು ಹೆಜ್ಜೆ ಮಾಡಿ, ‘ಇಲ್ಲಿಯವರೆಗೆ ಮಾಡಿದ್ದೇನೆ, ಉತ್ತರ ಹೇಳಬೇಡ, ಎಲ್ಲಿ ತಪ್ಪಿದೆ ಎಂದು ಸುಳಿವು ಮಾತ್ರ ಕೊಡು’ ಎಂದು ಕೇಳಿದರೆ ಅದೇ ಎಐ ಮನೆಪಾಠದ ಮೇಷ್ಟ್ರಂತೆ ನೆರವಾಗಬಲ್ಲದು.

ಇನ್ನೊಂದು ಎಚ್ಚರವೂ ಬೇಕು. ಚಾಟ್‌ಬಾಟ್‌ಗಳು ಕಲಿತ ಅಪಾರ ಪಠ್ಯದ ಆಧಾರದ ಮೇಲೆ ಮುಂದೆ ಯಾವ ಪದ ಬರಬಹುದು ಎಂದು ಅಂದಾಜಿಸುತ್ತಾ ಉತ್ತರ ಕಟ್ಟುತ್ತವೆ. ಆದ್ದರಿಂದ ತಪ್ಪನ್ನೂ ಅಷ್ಟೇ ಧೈರ್ಯದಿಂದ ಹೇಳುತ್ತವೆ. ಕವಿರಾಜಮಾರ್ಗದ ಬಗ್ಗೆ ಕೇಳಿದರೆ ಅದರಲ್ಲಿ ಇಲ್ಲದ ಪದ್ಯವನ್ನೂ ಇದೆ ಎಂದು ಕೊಡಬಹುದು. ರಸಾಯನಶಾಸ್ತ್ರದ ಸಮೀಕರಣ ತಪ್ಪಬಹುದು. ಪಠ್ಯಪುಸ್ತಕ ತೆರೆದು ಹೊಂದಿಸಿ ನೋಡದೆ ಯಾವ ಉತ್ತರವನ್ನೂ ನೋಟ್ಸ್‌ಗೆ ಇಳಿಸಿಕೊಳ್ಳಬಾರದು.

‘ಇದು ಎಐ ಬರೆದದ್ದು’ ಎಂದು ಹೇಳುವವರು ಯಾರು?

ಕಾಲೇಜುಗಳ ಕಡೆಯಿಂದ ಬರುವ ದೊಡ್ಡ ದೂರು ನಕಲಿನದು. ಅಸೈನ್‌ಮೆಂಟ್, ಪ್ರಾಜೆಕ್ಟ್ ವರದಿಗಳನ್ನು ಎಐ ಬರೆದುಕೊಡುತ್ತಿದೆ ಎಂಬುದು ಸುಳ್ಳಲ್ಲ. ಅದನ್ನು ಪತ್ತೆ ಮಾಡುತ್ತೇವೆ ಎನ್ನುವ ಸಾಫ್ಟ್‌ವೇರ್‌ಗಳೂ ಮಾರುಕಟ್ಟೆಯಲ್ಲಿವೆ. ಆದರೆ ಅವುಗಳನ್ನು ಎಷ್ಟರ ಮಟ್ಟಿಗೆ ನಂಬಬಹುದು ಎಂಬುದೇ ಪ್ರಶ್ನೆ.

ಚಾಟ್‌ಜಿಪಿಟಿ ತಯಾರಿಸಿದ ಓಪನ್‌ಎಐ ಸಂಸ್ಥೆಯೇ 2023ರ ಜನವರಿಯಲ್ಲಿ ಇಂಥದೊಂದು ಪತ್ತೆ ಸಾಧನವನ್ನು ಬಿಡುಗಡೆ ಮಾಡಿತ್ತು. ಸಂಸ್ಥೆಯ ಪರೀಕ್ಷೆಯಲ್ಲೇ ಅದು ಎಐ ಬರೆದ ಪಠ್ಯದ ಶೇ 26ನ್ನು ಮಾತ್ರ ಸರಿಯಾಗಿ ಗುರುತಿಸಿತ್ತು. ನಿಖರತೆ ಕಡಿಮೆ ಎಂಬ ಕಾರಣಕ್ಕೆ ಅದೇ ವರ್ಷ ಜುಲೈನಲ್ಲಿ ಅದನ್ನು ಹಿಂಪಡೆಯಲಾಯಿತು.

ಇಂಗ್ಲಿಷ್ ಮಾತೃಭಾಷೆ ಅಲ್ಲದವರಿಗೆ ಅಪಾಯ ಇನ್ನೂ ಹೆಚ್ಚು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2023ರಲ್ಲಿ ಏಳು ಪತ್ತೆ ಸಾಧನಗಳನ್ನು ಪರೀಕ್ಷಿಸಿದರು. ಟೋಫೆಲ್ ಪರೀಕ್ಷೆಗಾಗಿ ಮನುಷ್ಯರೇ ಬರೆದ 91 ಪ್ರಬಂಧಗಳನ್ನು ಕೊಟ್ಟಾಗ, ಸರಾಸರಿ ಶೇ 61ಕ್ಕಿಂತ ಹೆಚ್ಚು ಪ್ರಬಂಧಗಳನ್ನು ಆ ಸಾಧನಗಳು ಎಐ ಬರೆದದ್ದು ಎಂದವು. ಸರಳ ಪದ, ಚಿಕ್ಕ ವಾಕ್ಯ ಬಳಸುವವರ ಬರಹ ಯಂತ್ರದ ಬರಹದಂತೆ ಕಂಡಿದ್ದೇ ಇದಕ್ಕೆ ಕಾರಣ. ಕನ್ನಡ, ತೆಲುಗು ಅಥವಾ ಉರ್ದು ಮಾಧ್ಯಮದಲ್ಲಿ ಓದಿ ಕಾಲೇಜಿನಲ್ಲಿ ಇಂಗ್ಲಿಷ್‌ಗೆ ಬಂದ ವಿದ್ಯಾರ್ಥಿ ಬರೆಯುವುದೂ ಹೀಗೆಯೇ.

ಭಾರತದಲ್ಲೂ ಈ ವಿವಾದ ನ್ಯಾಯಾಲಯದ ಮೆಟ್ಟಿಲೇರಿದೆ. ಹರಿಯಾಣದ ಖಾಸಗಿ ವಿಶ್ವವಿದ್ಯಾಲಯವೊಂದರ ಕಾನೂನು ವಿದ್ಯಾರ್ಥಿಯೊಬ್ಬರನ್ನು ಉತ್ತರ ಎಐನಿಂದ ಬಂದದ್ದು ಎಂಬ ಕಾರಣಕ್ಕೆ ಅನುತ್ತೀರ್ಣಗೊಳಿಸಲಾಗಿತ್ತು. ಅವರು 2024ರಲ್ಲಿ ಪಂಜಾಬ್ ಮತ್ತು ಹರಿಯಾಣ ಹೈಕೋರ್ಟ್ ಮೊರೆ ಹೋದರು. ಬಳಿಕ ವಿಶ್ವವಿದ್ಯಾಲಯ ಅವರನ್ನು ಉತ್ತೀರ್ಣಗೊಳಿಸಿತು.

ಹಾಗಾದರೆ ನಕಲು ತಡೆಯುವುದು ಹೇಗೆ? ಶಿಕ್ಷಕರಿಗೆ ಹಳೆಯ ದಾರಿಗಳೇ ಇವೆ. ಬರೆದ ವಿಷಯದ ಮೇಲೆ ಐದು ನಿಮಿಷ ಮೌಖಿಕ ಪ್ರಶ್ನೆ ಕೇಳುವುದು, ತರಗತಿಯಲ್ಲೇ ಕೈಬರಹದಲ್ಲಿ ಬರೆಸುವುದು, ಮೊದಲ ಕರಡು ತೋರಿಸಲು ಹೇಳುವುದು. ಪತ್ತೆ ಸಾಧನದ ವರದಿ ಅನುಮಾನಕ್ಕೆ ಕಾರಣವಾಗಬಹುದು. ಅದೊಂದನ್ನೇ ಹಿಡಿದು ಶಿಕ್ಷೆ ಕೊಡುವಂತಿಲ್ಲ.

ಭಾಷೆಯ ಪ್ರಶ್ನೆ: ದಾರುಲ್ ತರ್ಜುಮಾದಿಂದ ಯಂತ್ರಾನುವಾದದವರೆಗೆ

ಉನ್ನತ ಶಿಕ್ಷಣವನ್ನು ದೇಶಭಾಷೆಯಲ್ಲಿ ಕೊಡುವ ವಿಷಯದಲ್ಲಿ ಹೈದರಾಬಾದ್‌ಗೆ ನೂರು ವರ್ಷಕ್ಕೂ ಹಳೆಯ ಅನುಭವವಿದೆ. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯ ಉರ್ದುವನ್ನು ಬೋಧನಾ ಮಾಧ್ಯಮ ಮಾಡಿಕೊಂಡಿತು. ಪಠ್ಯಪುಸ್ತಕ ಇಲ್ಲದೆ ಪಾಠ ನಡೆಯದು ಎಂದು ಅದಕ್ಕೂ ಮೊದಲೇ, 1917ರಲ್ಲಿ, ದಾರುಲ್ ತರ್ಜುಮಾ ಎಂಬ ಅನುವಾದ ಸಂಸ್ಥೆ ಆರಂಭವಾಗಿತ್ತು. ವಿಜ್ಞಾನ, ವೈದ್ಯಕೀಯ, ಕಾನೂನಿನ ಪುಸ್ತಕಗಳನ್ನು ಅಲ್ಲಿ ಉರ್ದುವಿಗೆ ತರಲಾಯಿತು. ಪಾರಿಭಾಷಿಕ ಪದಗಳನ್ನು ವಿಷಯ ಬಲ್ಲವರೂ ಭಾಷೆ ಬಲ್ಲವರೂ ಸಮಿತಿಗಳಲ್ಲಿ ಕೂತು ಚರ್ಚಿಸಿ ನಿರ್ಧರಿಸುತ್ತಿದ್ದರು.

ಇಂದು ಅದೇ ಕೆಲಸಕ್ಕೆ ಎಐ ಬಂದಿದೆ. ಕೇಂದ್ರ ಸರ್ಕಾರದ ಭಾಷಿಣಿ ವೇದಿಕೆ 2022ರಲ್ಲಿ ಚಾಲನೆ ಪಡೆಯಿತು. ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ ‘ಅನುವಾದಿನಿ’ ಎಂಬ ಸಾಧನದಿಂದ ಎಂಜಿನಿಯರಿಂಗ್ ಪುಸ್ತಕಗಳನ್ನು ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಿಗೆ ತರುತ್ತಿದೆ. ಐದು ವರ್ಷದಲ್ಲಿ 22 ಭಾಷೆಗಳಲ್ಲಿ 22,000 ಪುಸ್ತಕ ಸಿದ್ಧಪಡಿಸುವ ‘ಅಸ್ಮಿತಾ’ ಯೋಜನೆಯನ್ನು ವಿಶ್ವವಿದ್ಯಾಲಯ ಅನುದಾನ ಆಯೋಗ 2024ರ ಜುಲೈನಲ್ಲಿ ಪ್ರಕಟಿಸಿತು.

ವೇಗ ಬಂದಿದೆ, ಒಳ್ಳೆಯದೇ. ಆದರೆ ಯಂತ್ರ ಅನುವಾದಿಸಿದ ಕನ್ನಡವನ್ನು ವಿಷಯ ಬಲ್ಲ ಕನ್ನಡಿಗರೊಬ್ಬರು ಓದಿ ತಿದ್ದಬೇಕು ಎಂಬ ಹಳೆಯ ನಿಯಮ ಬದಲಾಗಿಲ್ಲ. ಅಂತರ್ಜಾಲದಲ್ಲಿ ಇಂಗ್ಲಿಷ್ ಪಠ್ಯದ ಮುಂದೆ ಕನ್ನಡ ಪಠ್ಯ ತೀರಾ ಕಡಿಮೆ. ಹಾಗಾಗಿ ಚಾಟ್‌ಬಾಟ್‌ಗಳ ಕನ್ನಡ ಹಲವು ಬಾರಿ ಇಂಗ್ಲಿಷ್ ವಾಕ್ಯದ ನೆರಳಿನಂತೆ ಇರುತ್ತದೆ, ತಪ್ಪೂ ಹೆಚ್ಚು. ಒಂದೇ ಪ್ರಶ್ನೆಯನ್ನು ಇಂಗ್ಲಿಷ್‌ನಲ್ಲೂ ಕನ್ನಡದಲ್ಲೂ ಕೇಳಿ ಉತ್ತರಗಳನ್ನು ಹೋಲಿಸಿದರೆ ಇದು ತಿಳಿಯುತ್ತದೆ.

ಸರಿಯಾದ ದಿಕ್ಕಿನ ಪ್ರಯತ್ನಗಳೂ ನಡೆದಿವೆ. ಕರ್ನಾಟಕದಲ್ಲಿ ಮೈಕ್ರೋಸಾಫ್ಟ್ ರಿಸರ್ಚ್ ಇಂಡಿಯಾ ಮತ್ತು ಶಿಕ್ಷಣ ಫೌಂಡೇಶನ್ ಸೇರಿ ‘ಶಿಕ್ಷಾ ಕೋಪೈಲಟ್’ ರೂಪಿಸಿದವು. 2023ರಲ್ಲಿ ಬೆಂಗಳೂರು ಸುತ್ತಮುತ್ತಲಿನ 30 ಶಾಲೆಗಳಲ್ಲಿ ಇದರ ಪ್ರಯೋಗ ಆರಂಭವಾಯಿತು. ಪಠ್ಯಕ್ರಮದ ಆಧಾರದ ಮೇಲೆ ಕನ್ನಡ ಮತ್ತು ಇಂಗ್ಲಿಷ್‌ನಲ್ಲಿ ಪಾಠ ಯೋಜನೆ ತಯಾರಿಸಿಕೊಡುವುದು ಇದರ ಕೆಲಸ. ಇಲ್ಲಿ ಎಐ ಮಾತನಾಡುವುದು ಶಿಕ್ಷಕರ ಜೊತೆ. ಮಕ್ಕಳಿಗೆ ಏನು ತಲುಪಬೇಕು ಎಂಬ ತೀರ್ಮಾನ ಶಿಕ್ಷಕರದ್ದೇ. ತೆಲಂಗಾಣದಲ್ಲಿ 2025ರ ಫೆಬ್ರವರಿಯಲ್ಲಿ ಎಕ್‌ಸ್ಟೆಪ್ ಫೌಂಡೇಶನ್ ನೆರವಿನಿಂದ 6 ಜಿಲ್ಲೆಗಳ 36 ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಓದು, ಗಣಿತದಲ್ಲಿ ಹಿಂದೆ ಉಳಿದ ಮಕ್ಕಳಿಗೆ ಎಐ ಆಧಾರಿತ ಅಭ್ಯಾಸ ಶುರುವಾಯಿತು. ಮೊದಲು ಸಣ್ಣದಾಗಿ ಪ್ರಯೋಗ ಮಾಡಿ, ಫಲ ನೋಡಿ, ನಂತರ ವಿಸ್ತರಿಸುವುದು ಸರಿಯಾದ ಕ್ರಮ.

ಮಕ್ಕಳ ಮುಖ, ಮಕ್ಕಳ ಮಾಹಿತಿ

ತೆಲಂಗಾಣದ ಪದವಿ ಪ್ರವೇಶದ ‘ದೋಸ್ತ್’ ವ್ಯವಸ್ಥೆಯಲ್ಲಿ 2020ರಲ್ಲೇ ಮೊಬೈಲ್ ಸೆಲ್ಫಿಯಿಂದ ಮುಖ ಹೋಲಿಸಿ ವಿದ್ಯಾರ್ಥಿಯ ಗುರುತು ಖಚಿತಪಡಿಸುವ ಕ್ರಮ ಬಂತು. 2023ರಲ್ಲಿ ಸರ್ಕಾರಿ ಶಾಲೆಗಳ ಮಕ್ಕಳ ಹಾಜರಾತಿಗೂ ಮುಖ ಗುರುತಿಸುವ ತಂತ್ರಜ್ಞಾನ ತರಲಾಯಿತು. ಕರ್ನಾಟಕದಲ್ಲಿ 2025ರಲ್ಲಿ ಇಂಥದೇ ಯೋಜನೆಯ ಸುದ್ದಿ ಬಂದಾಗ ಶಿಕ್ಷಣ ತಜ್ಞರು, ಮಕ್ಕಳ ಹಕ್ಕುಗಳ ಪರ ಕೆಲಸ ಮಾಡುವವರು ಆಕ್ಷೇಪ ಎತ್ತಿದರು.

ಕೌಂಟರ್‌ಗಳಲ್ಲಿ ಸಾಲು ನಿಲ್ಲುವುದು ತಪ್ಪುತ್ತದೆ, ಸುಳ್ಳು ಹಾಜರಾತಿ ನಿಲ್ಲುತ್ತದೆ ಎಂಬುದು ಸರ್ಕಾರಗಳ ವಾದ. ಆಕ್ಷೇಪಕ್ಕೂ ಕಾರಣವಿದೆ. ಪಾಸ್‌ವರ್ಡ್ ಕಳೆದರೆ ಬದಲಿಸಬಹುದು, ಮುಖ ಬದಲಿಸಲಾಗದು. ಹತ್ತನೇ ವಯಸ್ಸಿನಲ್ಲಿ ಸೋರಿಹೋದ ಮಾಹಿತಿ ಜೀವನಪೂರ್ತಿ ಹಿಂಬಾಲಿಸಬಹುದು.

ಈ ವಿಷಯದಲ್ಲಿ ಕಾನೂನು ಹೀಗಿದೆ. 2023ರ ಆಗಸ್ಟ್‌ನಲ್ಲಿ ಅಂಗೀಕಾರವಾದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ವರ್ಷದೊಳಗಿನವರೆಲ್ಲರೂ ಮಕ್ಕಳು. ಅವರ ಮಾಹಿತಿ ಬಳಸಲು ಪೋಷಕರ ಪರಿಶೀಲಿಸಬಹುದಾದ ಒಪ್ಪಿಗೆ ಬೇಕು. ಮಕ್ಕಳ ಚಲನವಲನ, ವರ್ತನೆಯ ಮೇಲೆ ಕಣ್ಣಿಡುವುದನ್ನು, ಅವರನ್ನೇ ಗುರಿಯಾಗಿಸಿ ಜಾಹೀರಾತು ತೋರಿಸುವುದನ್ನು ಕಾಯ್ದೆ ನಿಷೇಧಿಸುತ್ತದೆ. ಮಕ್ಕಳಿಗೆ ಸಂಬಂಧಿಸಿದ ನಿಯಮ ಮುರಿದರೆ 200 ಕೋಟಿ ರೂಪಾಯಿವರೆಗೆ ದಂಡ ವಿಧಿಸಬಹುದು. ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಮುಖ್ಯ ಹೊಣೆಗಾರಿಕೆಗಳು 18 ತಿಂಗಳ ಬಳಿಕ ಜಾರಿಗೆ ಬರುತ್ತವೆ.

ಇಲ್ಲೊಂದು ವಿನಾಯಿತಿಯನ್ನು ಪೋಷಕರು ಗಮನಿಸಬೇಕು. ಶೈಕ್ಷಣಿಕ ಚಟುವಟಿಕೆ ಅಥವಾ ಮಕ್ಕಳ ಸುರಕ್ಷತೆಗಾಗಿ ಶಿಕ್ಷಣ ಸಂಸ್ಥೆಗಳು ನಿಗಾ ಇಡಲು ನಿಯಮಗಳು ಅವಕಾಶ ಕೊಟ್ಟಿವೆ. ಆದ್ದರಿಂದ ಮಾಹಿತಿ ಎಲ್ಲಿ ಇಡುತ್ತೀರಿ, ಯಾರಿಗೆ ಕೊಡುತ್ತೀರಿ, ಯಾವಾಗ ಅಳಿಸುತ್ತೀರಿ ಎಂದು ಕಾಲೇಜನ್ನೇ ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು.

ಯುರೋಪ್ ಇನ್ನೂ ಬಿಗಿಯಾಗಿದೆ. ತರಗತಿಯಲ್ಲಿ ಮಕ್ಕಳ ಮುಖ ನೋಡಿ ಭಾವನೆ ಅಳೆಯುವ ಎಐಯನ್ನು ಐರೋಪ್ಯ ಒಕ್ಕೂಟದ ಎಐ ಕಾಯ್ದೆ, ವೈದ್ಯಕೀಯ ಮತ್ತು ಸುರಕ್ಷತೆಯ ಕಾರಣ ಹೊರತುಪಡಿಸಿ, 2025ರ ಫೆಬ್ರವರಿ 2ರಿಂದ ನಿಷೇಧಿಸಿದೆ. ಪ್ರವೇಶ, ಮೌಲ್ಯಮಾಪನಕ್ಕೆ ಬಳಸುವ ಎಐ ಆ ಕಾಯ್ದೆಯಲ್ಲಿ ‘ಹೆಚ್ಚು ಅಪಾಯ’ದ ಪಟ್ಟಿಯಲ್ಲಿದೆ.

ಮಾರ್ಗಸೂಚಿಗಳು ಏನು ಹೇಳುತ್ತವೆ?

ಯುನೆಸ್ಕೊ 2023ರ ಸೆಪ್ಟೆಂಬರ್‌ನಲ್ಲಿ ಶಿಕ್ಷಣದಲ್ಲಿ ಉತ್ಪಾದಕ ಎಐ ಬಳಕೆಗೆ ಮಾರ್ಗಸೂಚಿ ಹೊರತಂದಿತು. ಮಾಹಿತಿಯ ಗೋಪ್ಯತೆ ಕಾಪಾಡಬೇಕು, ತರಗತಿಯಲ್ಲಿ ಇಂಥ ಸಾಧನ ಬಳಸಲು ಕನಿಷ್ಠ ವಯಸ್ಸು 13 ಇರಬೇಕು, ಶಿಕ್ಷಕರಿಗೆ ತರಬೇತಿ ಕೊಡಬೇಕು ಎಂದು ಅದು ಸಲಹೆ ನೀಡಿದೆ. 2024ರಲ್ಲಿ ವಿದ್ಯಾರ್ಥಿಗಳಿಗೂ ಶಿಕ್ಷಕರಿಗೂ ಬೇಕಾದ ಎಐ ಸಾಮರ್ಥ್ಯಗಳ ಚೌಕಟ್ಟನ್ನು ಪ್ರಕಟಿಸಿತು.

ಭಾರತದಲ್ಲಿ 2020ರ ರಾಷ್ಟ್ರೀಯ ಶಿಕ್ಷಣ ನೀತಿ ಎಐ ಕಲಿಕೆಗೆ ಒತ್ತು ನೀಡಿದೆ. ಸಿಬಿಎಸ್‌ಇ 2019–20ರಿಂದಲೇ 9ನೇ ತರಗತಿಯಲ್ಲಿ ಎಐಯನ್ನು ಐಚ್ಛಿಕ ವಿಷಯವಾಗಿ ತಂದಿತು. 2026–27ರಿಂದ 3ನೇ ತರಗತಿಯಿಂದಲೇ ಎಐ ಮತ್ತು ಗಣಕ ಚಿಂತನೆ ಕಲಿಸುವ ತೀರ್ಮಾನವನ್ನು ಕೇಂದ್ರ ಶಿಕ್ಷಣ ಸಚಿವಾಲಯ 2025ರ ಅಕ್ಟೋಬರ್‌ನಲ್ಲಿ ತಿಳಿಸಿತು. ಹೈದರಾಬಾದ್ ಈ ವಿಷಯದಲ್ಲಿ ಮುಂದಿದೆ. ಐಐಟಿ ಹೈದರಾಬಾದ್ 2019–20ರಲ್ಲೇ ಎಐನಲ್ಲಿ ಬಿ.ಟೆಕ್ ಆರಂಭಿಸಿತು, ತೆಲಂಗಾಣ ಸರ್ಕಾರ 2020ನ್ನು ‘ಎಐ ವರ್ಷ’ ಎಂದು ಘೋಷಿಸಿತ್ತು.

ಎಐಯನ್ನು ಪಾಠವಾಗಿ ಕಲಿಸುವುದು ಒಂದು, ಎಐ ಮೂಲಕ ಪಾಠ ಕಲಿಸುವುದು ಇನ್ನೊಂದು. ಮೊದಲನೆಯದಕ್ಕೆ ಪಠ್ಯಕ್ರಮ ಬಂದಿದೆ. ಎರಡನೆಯದಕ್ಕೆ ಪ್ರತಿ ಶಾಲೆ, ಕಾಲೇಜೂ ತನ್ನದೇ ನಿಯಮವನ್ನು ಬರೆದಿಡಬೇಕಾದ ಅಗತ್ಯವಿದೆ.

ಯಾರು ಏನು ಮಾಡಬೇಕು?

ವಿದ್ಯಾರ್ಥಿಗಳು:
- ಮೊದಲು ತಾವೇ ಪ್ರಯತ್ನಿಸಿ, ನಂತರ ಎಐ ಕೇಳಿ. ಉತ್ತರದ ಬದಲು ಸುಳಿವು ಕೇಳಿ.
- ಬಂದ ಉತ್ತರವನ್ನು ಪಠ್ಯಪುಸ್ತಕದೊಂದಿಗೆ ಹೊಂದಿಸಿ ನೋಡಿ.
- ಎಐ ಮುಚ್ಚಿಟ್ಟು ಅದೇ ಲೆಕ್ಕವನ್ನು ಮರುದಿನ ಮತ್ತೆ ಮಾಡಿ. ಬಂದರೆ ಕಲಿತಂತೆ.
- ಅಸೈನ್‌ಮೆಂಟ್‌ನಲ್ಲಿ ಎಐ ನೆರವು ಪಡೆದಿದ್ದರೆ ಎಲ್ಲಿ, ಎಷ್ಟು ಎಂದು ಬರೆಯಿರಿ. ಕರಡುಗಳನ್ನು ಇಟ್ಟುಕೊಳ್ಳಿ, ಅನುಮಾನ ಬಂದಾಗ ಅದೇ ಸಾಕ್ಷಿ.
- ಆಧಾರ್, ಹಾಲ್ ಟಿಕೆಟ್, ಫೋಟೊ, ಮನೆ ವಿಳಾಸವನ್ನು ಚಾಟ್‌ಬಾಟ್‌ಗೆ ಹಾಕಬೇಡಿ.

ಶಿಕ್ಷಕರು:
- ಯಾವ ಕೆಲಸಕ್ಕೆ ಎಐ ಬಳಸಬಹುದು, ಯಾವುದಕ್ಕೆ ಬಳಸಬಾರದು ಎಂದು ವರ್ಷದ ಆರಂಭದಲ್ಲೇ ಹೇಳಿ.
- ಎಐ ತಯಾರಿಸಿದ ಪ್ರಶ್ನೆಪತ್ರಿಕೆ, ಕೀ ಉತ್ತರಗಳನ್ನು ಸ್ವತಃ ಬಿಡಿಸಿ ನೋಡದೆ ಕೊಡಬೇಡಿ.
- ವಿದ್ಯಾರ್ಥಿಗಳ ಹೆಸರಿರುವ ಅಂಕಪಟ್ಟಿಗಳನ್ನು ಸಾರ್ವಜನಿಕ ಚಾಟ್‌ಬಾಟ್‌ಗೆ ಹಾಕಬೇಡಿ.

ಕಾಲೇಜು, ಮಂಡಳಿಗಳು:
- ಅಂಕ, ಪ್ರವೇಶ, ಶಿಸ್ತು ಕ್ರಮದಲ್ಲಿ ಕೊನೆಯ ಸಹಿ ಒಬ್ಬ ಅಧಿಕಾರಿಯದ್ದೇ ಆಗಿರಲಿ. ಅವರ ಹುದ್ದೆ ವಿದ್ಯಾರ್ಥಿಗಳಿಗೆ ಗೊತ್ತಿರಲಿ.
- ಹೊಸ ವ್ಯವಸ್ಥೆಯನ್ನು ಹಳೆಯದರ ಜೊತೆಗೇ ನಡೆಸಿ, ಎರಡೂ ಹೊಂದುತ್ತವೆ ಎಂದು ಖಾತ್ರಿಯಾದ ಮೇಲೆಯೇ ಬದಲಿಸಿ.
- ಒಂದೇ ವಿಷಯದಲ್ಲಿ ಸೊನ್ನೆ, ಹಿಂದಿನ ವರ್ಷಕ್ಕಿಂತ ಭಾರೀ ಇಳಿಕೆಯಂಥ ಫಲಿತಾಂಶಗಳನ್ನು ಪ್ರಕಟಣೆಗೆ ಮೊದಲೇ ಕೈಯಾರೆ ಪರಿಶೀಲಿಸಿ.
- ಮರುಪರಿಶೀಲನೆಗೆ ಸುಲಭ ದಾರಿ, ನಿಗದಿತ ಗಡುವು ಇರಲಿ.

ಪೋಷಕರು:
- ಮಗ, ಮಗಳು ಯಾವ ಆ್ಯಪ್ ಬಳಸುತ್ತಿದ್ದಾರೆ, ಅದಕ್ಕೆ ವಯಸ್ಸಿನ ಮಿತಿ ಎಷ್ಟು ಎಂದು ತಿಳಿದುಕೊಳ್ಳಿ. ಚಾಟ್‌ಜಿಪಿಟಿಗೆ ಕನಿಷ್ಠ 13 ವರ್ಷ ಆಗಿರಬೇಕು, 18ರೊಳಗಿನವರಿಗೆ ಪೋಷಕರ ಅನುಮತಿ ಬೇಕು.
- ಕಾಲೇಜಿನ ಒಪ್ಪಿಗೆ ಪತ್ರಕ್ಕೆ ಓದದೆ ಸಹಿ ಹಾಕಬೇಡಿ.
- ಫಲಿತಾಂಶ ಅನಿರೀಕ್ಷಿತವಾಗಿದ್ದರೆ ಮೊದಲು ಮಕ್ಕಳ ಪಕ್ಕ ಕುಳಿತುಕೊಳ್ಳಿ. ಅಂಕಪಟ್ಟಿ ತಪ್ಪಬಹುದು, ತಿದ್ದಬಹುದು ಎಂಬುದನ್ನು 2019ರ ಏಪ್ರಿಲ್ ತೋರಿಸಿದೆ. ಮಕ್ಕಳು ಕುಗ್ಗಿದ್ದರೆ ಕೇಂದ್ರ ಸರ್ಕಾರದ ಟೆಲಿ ಮಾನಸ್ ಉಚಿತ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು. ಕನ್ನಡ, ತೆಲುಗು ಸೇರಿದಂತೆ ಹಲವು ಭಾಷೆಗಳಲ್ಲಿ ಸೇವೆ ಇದೆ.

ಕೊನೆಯಲ್ಲಿ ನೆನಪಿಡಬೇಕಾದುದು

ಯಾವುದೇ ಎಐ ಸಾಧನ ತರಗತಿಗೆ ಬಂದಾಗ ಎರಡು ಪ್ರಶ್ನೆ ಕೇಳಿದರೆ ಹೆಚ್ಚಿನ ಗೊಂದಲ ತಿಳಿಯಾಗುತ್ತದೆ. ಇದನ್ನು ಬಳಸುವಾಗ ಯೋಚಿಸುತ್ತಿರುವುದು ವಿದ್ಯಾರ್ಥಿಯೋ, ಯಂತ್ರವೋ? ತಪ್ಪಾದರೆ ಉತ್ತರ ಹೇಳುವ ಮನುಷ್ಯ ಯಾರು? ಮೊದಲನೆಯದಕ್ಕೆ ‘ವಿದ್ಯಾರ್ಥಿ’ ಎಂದೂ ಎರಡನೆಯದಕ್ಕೆ ಒಂದು ಹುದ್ದೆ, ಒಂದು ಕಚೇರಿ, ಒಂದು ಗಡುವು ಎಂದೂ ಉತ್ತರ ಸಿಕ್ಕರೆ ಆ ಸಾಧನವನ್ನು ಬಳಸಬಹುದು. ಸಿಗದಿದ್ದರೆ ಅದು ಎಷ್ಟೇ ಹೊಸದಾಗಿರಲಿ, ಎಷ್ಟೇ ಅಗ್ಗವಾಗಿರಲಿ, ಮಕ್ಕಳ ಅಂಕ ಮತ್ತು ಭವಿಷ್ಯವನ್ನು ಅದರ ಕೈಗೆ ಕೊಡುವ ಕಾಲ ಇನ್ನೂ ಬಂದಿಲ್ಲ.